ಗಿನಿ ಪಿಗ್ ಮೇಯಲು ಬಿಡುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ತ್ಯಾವರೆಕೊಪ್ಪ ಹಾಗೂ ಸುತ್ತಲಿನ ಊರುಗಳಲ್ಲಿ, ಶಿವಮೊಗ್ಗ ಮತ್ತು ಭದ್ರಾವತಿಯ ಬಡಾವಣೆಗಳಲ್ಲಿ ಗಿನಿ ಪಿಗ್ ಸಾಕಿರುವ ಎಲ್ಲರಿಗೂ ಈ ಸೂಚನೆ. ಶಿವರಾತ್ರಿ ಕಳೆದು ಚಳಿ ಬಿಟ್ಟು, ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ‘ಪಾಪ, ಯಾವಾಗಲೂ ಗೂಡಲ್ಲೇ ಇರುತ್ತೆ, ಸ್ವಲ್ಪ ಹೊರಗೆ ಮೇಯಲಿ’ ಎಂದು ಅಂಗಳಕ್ಕೆ ಬಿಡುವವರು ಹೆಚ್ಚು. ಬಿಡುವುದು ತಪ್ಪಲ್ಲ. ಹೊತ್ತು ನೋಡದೆ, ಜಾಗ ನೋಡದೆ, ಅದರ ಹೊಟ್ಟೆಯ ಸ್ಥಿತಿ ನೋಡದೆ ಬಿಡುವುದು ತಪ್ಪು.

ಮೊದಲು ಇಷ್ಟು ಗೊತ್ತಿರಲಿ

ಗಿನಿ ಪಿಗ್ ಸಾಕುವ ಬಗ್ಗೆ ನಮ್ಮ ಕೈಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಇಂಗ್ಲೆಂಡ್, ಅಮೆರಿಕದಂಥ ಕಡೆಯವು. ಅಲ್ಲಿ ವಸಂತವೆಂದರೆ ಚಳಿ ಹಿಂದೆ ಸರಿದು ಹೊಸ ಹುಲ್ಲು ಚಿಗುರುವ ಕಾಲ. ಅಲ್ಲಿಯವರಿಗೆ ನೆಲ ಒದ್ದೆಯಿದೆಯೇ, ಗಾಳಿ ತಣ್ಣಗಿದೆಯೇ ಎಂಬುದೇ ಚಿಂತೆ. ನಮ್ಮಲ್ಲಿ ಚೈತ್ರ ಕಾಲಿಡುವಾಗ ಮರಗಳೇನೋ ಚಿಗುರುತ್ತವೆ, ನೆಲದ ಹುಲ್ಲು ಮಾತ್ರ ಒಣಗಿ ಬೆಂಕಿ ಕಡ್ಡಿಗೆ ಕಾದಿರುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು.

ಗಿನಿ ಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಪ್ರಾಣಿ. ಪೆರು, ಬೊಲಿವಿಯಾ ಕಡೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿದರು. ಎತ್ತರದ ತಂಪು ಹವೆಗೆ ಒಗ್ಗಿದ ಮೈ ಅದರದು. ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. 18ರಿಂದ 24 ಡಿಗ್ರಿ ಅದಕ್ಕೆ ಹಿತ. 27–28 ದಾಟಿದರೆ ಕಷ್ಟ ಶುರು. ಅದರ ಮೇಲೆ, ನೇರ ಬಿಸಿಲಲ್ಲಿ, ನೆರಳು ನೀರಿಲ್ಲದೆ ಸ್ವಲ್ಪ ಹೊತ್ತು ಕಳೆದರೂ ಪ್ರಾಣ ಹೋಗಬಹುದು.

ಹಾಗಾಗಿ ಈ ಸೀಮೆಯ ವಸಂತದಲ್ಲಿ ಎಚ್ಚರ ಬೇಕಾದದ್ದು ಮೂರಕ್ಕೆ: ಬಿಸಿಲು, ಉಣುಗು, ಮೊದಲ ಮಳೆಯ ಬೆನ್ನಿಗೆ ದಿಢೀರನೆ ಬರುವ ಎಳೆ ಹಸಿರು. ಕೆಳಗಿನ ಎಲ್ಲ ಸೂಚನೆಗಳೂ ಈ ಮೂರನ್ನು ನೆನಪಿನಲ್ಲಿಟ್ಟು ಹೇಳಿದವು.

ಮಾಡಬೇಕಾದ್ದು

1. ಹೊತ್ತು ನೋಡಿ ಬಿಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತು ಗಂಟೆಯ ಒಳಗೆ. ಸಂಜೆಯಾದರೆ ಐದೂವರೆಯ ನಂತರ, ಕತ್ತಲಾಗುವ ಮುಂಚೆ. ನಡುವಿನ ಹೊತ್ತು ಗಿನಿ ಪಿಗ್ ಮನೆಯೊಳಗೇ ಇರಬೇಕು. ಮೋಡ ಕವಿದಿದೆ ಎಂದು ಮಧ್ಯಾಹ್ನ ಬಿಡುವ ಆಸೆ ಬೇಡ. ಮಳೆ ಬರುವ ಮುಂಚಿನ ಸೆಕೆ ಬಿಸಿಲಿನಷ್ಟೇ ಕೆಟ್ಟದ್ದು.

2. ಬಿಡುವ ಮುಂಚೆ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ. ಕೈಗೆ ಬಿಸಿ ತಾಗುವ ಸಿಮೆಂಟು, ಕಲ್ಲುಹಾಸು, ಮರಳು ಯಾವುದೂ ಅದರ ಪಾದಕ್ಕೆ ಸಲ್ಲ. ಅದರ ಪಾದದಡಿಯಲ್ಲಿ ರೋಮವಿಲ್ಲ, ಬರೀ ಚರ್ಮ.

3. ಮೇಲೂ ಮುಚ್ಚಿದ ಬೋನಿನಲ್ಲೇ ಬಿಡಿ. ಎರಡು ಪ್ರಾಣಿಗೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದವಾದರೂ ಬೇಕು. ಜಾಲರಿಯ ಕಣ್ಣು ಅರ್ಧ ಇಂಚು ಮೀರದಿರಲಿ. ಕೋಳಿಗೂಡಿಗೆ ಹಾಕುವ ತೆಳು ಬಲೆಯನ್ನು ನಾಯಿ ಹಲ್ಲಿನಲ್ಲೇ ಹರಿಯುತ್ತದೆ. ಬೆಸುಗೆ ಹಾಕಿದ ಗಟ್ಟಿ ಜಾಲರಿ ತನ್ನಿ. ತಳಕ್ಕೆ ಮಾತ್ರ ಜಾಲರಿ ಬೇಡ. ತಂತಿಯ ಮೇಲೆ ನಿಂತು ನಿಂತು ಪಾದ ಹುಣ್ಣಾಗುತ್ತದೆ.

4. ಬೋನಿನ ಅರ್ಧಕ್ಕಾದರೂ ನೆರಳಿರಲಿ. ಅಡ್ಡ ಮಲಗಿಸಿದ ಮಣ್ಣಿನ ಮಡಕೆಯನ್ನೋ ಎರಡು ಕಡೆ ಬಾಗಿಲು ಕೊಯ್ದ ರಟ್ಟಿನ ಪೆಟ್ಟಿಗೆಯನ್ನೋ ಒಳಗಿಡಿ. ಆಕಾಶದಲ್ಲಿ ಗರುಡನ ನೆರಳು ಹಾದುಹೋದರೂ ಗಿನಿ ಪಿಗ್ ಅಡಗಲು ಓಡುತ್ತದೆ. ಅಡಗಲು ಜಾಗವಿಲ್ಲದಿದ್ದರೆ ಬೆದರಿ ಮೂಲೆಯಲ್ಲಿ ಕೂತುಬಿಡುತ್ತದೆ, ಮೇಯುವುದಿಲ್ಲ.

5. ಹೊಟ್ಟೆ ತುಂಬ ಒಣಹುಲ್ಲು ತಿಂದ ಮೇಲೇ ಹಸಿರಿಗೆ ಬಿಡಿ. ಮೊದಲ ದಿನ ಒಂದು ಹಿಡಿ ಹಸಿ ಹುಲ್ಲು ಕೊಯ್ದು ಗೂಡಿಗೇ ಹಾಕಿ, ಹಿಕ್ಕೆ ನೋಡಿ. ಗಟ್ಟಿಯಾಗಿದ್ದರೆ ದಿನ ಬಿಟ್ಟು ದಿನ ಸ್ವಲ್ಪ ಹೆಚ್ಚಿಸಿ. ಹತ್ತು ಹದಿನೈದು ದಿನ ಹೀಗೆ ರೂಢಿ ಮಾಡಿಸಿದ ಮೇಲೆ ಬೋನಿಗೆ ಬಿಡಿ. ಶುರುವಿಗೆ ಕಾಲು ಗಂಟೆ, ಮುಂದೆ ಒಂದು ಗಂಟೆಯವರೆಗೆ.

6. ಅಶ್ವಿನಿ, ಭರಣಿ ಮಳೆ ಬಿದ್ದ ವಾರದಲ್ಲಿ ಈ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರು ಮಾಡಿ. ಒಣ ಮೇವಿಗೆ ಒಗ್ಗಿದ ಹೊಟ್ಟೆಗೆ ನೀರು ತುಂಬಿದ ಎಳೆ ಹುಲ್ಲು ಏಕಾಏಕಿ ಬಿದ್ದರೆ, ದೊಡ್ಡ ಕರುಳಿನಲ್ಲಿ ಮೇವು ಕೊಳೆಸುವ ಸೂಕ್ಷ್ಮಜೀವಿಗಳ ಹದ ಕೆಡುತ್ತದೆ. ಅನಿಲ ತುಂಬಿ ಹೊಟ್ಟೆ ಉಬ್ಬರಿಸುತ್ತದೆ, ಇಲ್ಲವೇ ಭೇದಿಗೆ ಇಟ್ಟುಕೊಳ್ಳುತ್ತದೆ. ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

7. ಹೊರಗಿದ್ದಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು. ಒಳಗಿನಿಂದ ಕಿಟಕಿಯಲ್ಲಿ ಇಣುಕಿದರೆ ಸಾಲದು. ನಾಯಿ, ಬೆಕ್ಕು, ಕಾಗೆ, ಮುಂಗುಸಿ ಎಲ್ಲವೂ ಇಲ್ಲಿ ಮನೆ ಮುಂದಿನವೇ. ಬೇಸಿಗೆಯಲ್ಲಿ ತಂಪು ಅರಸಿ ಕೇರೆ, ನಾಗರಗಳೂ ಹಿತ್ತಿಲಿನ ನಲ್ಲಿ ಬುಡಕ್ಕೆ ಬರುತ್ತವೆ.

8. ನೀರಿನ ಬಾಟಲಿ ಬೋನಿಗೂ ಬೇಕು. ಪ್ರತಿ ಸಲ ಹೊಸ ನೀರು ತುಂಬಿ. ಬಿಸಿಲಿಗೆ ಕಾದ ನೀರನ್ನು ಅದು ಮುಟ್ಟುವುದಿಲ್ಲ.

9. ಉದ್ದ ಕೂದಲಿನ ತಳಿಗೆ ಬೇಸಿಗೆಗೆ ಮುಂಚೆ ಹಿಂಭಾಗದ ಕೂದಲು ಕತ್ತರಿಸಿ. ಉಚ್ಚೆ, ಹಿಕ್ಕೆ ಮೆತ್ತಿದ ಕೂದಲಿಗೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳುವಾಗಿ ಚರ್ಮ ಕೊರೆಯುತ್ತದೆ.

10. ಒಳಗೆ ತಂದ ಮೇಲೆ ಮೈಯೆಲ್ಲ ತಡವಿ ನೋಡಿ: ಕಿವಿಯ ಹಿಂದೆ, ಮುಂಗಾಲಿನ ಸಂದು, ತೊಡೆಯ ಸಂದು, ಕತ್ತಿನ ಕೆಳಗೆ. ಯಾಕೆಂಬುದು ಮುಂದಿದೆ.

ಉಣುಗಿನ ವಿಷಯ: ಇದನ್ನು ಹಾರಿಸಿ ಓದಬೇಡಿ

ಮಂಗನ ಕಾಯಿಲೆಗೆ ಹೆಸರು ಕೊಟ್ಟದ್ದೇ ನಮ್ಮ ಜಿಲ್ಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಈ ಕಾಯಿಲೆಯ ವೈರಸ್, ಕಾಡಿನ ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಗಿನಿ ಪಿಗ್ಗನ್ನು ಹೊರಗೆ ಬಿಡಲು ಹೊರಡುವ ಕಾಲದಲ್ಲೇ, ಎಳೆಯ ಉಣುಗುಗಳು ನೆಲದ ದರಗಿನಲ್ಲಿ, ಹುಲ್ಲಿನ ತುದಿಯಲ್ಲಿ ಮೈಗೆ ಹತ್ತಲು ಕಾದಿರುತ್ತವೆ. ಅವು ಸಾಸಿವೆಗಿಂತ ಚಿಕ್ಕವು; ಕಣ್ಣಿಗೆ ಬಿದ್ದರೂ ಮಣ್ಣಿನ ಕಣವೆಂದು ಬಿಟ್ಟುಬಿಡುತ್ತೇವೆ.

ತ್ಯಾವರೆಕೊಪ್ಪ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನ ಊರು. ಇಲ್ಲಿ ಎಷ್ಟೋ ಮನೆಗಳಿಗೆ ಕಾಡು ಹಿತ್ತಿಲಿನ ಬೇಲಿಯಿಂದಾಚೆಗೇ ಶುರು. ಇಲ್ಲಿ ಭಯ ಗಿನಿ ಪಿಗ್ಗಿಗಿಂತ ಮನೆಯವರ ಬಗ್ಗೆ. ಅಂಗಳದಲ್ಲಿ ಅದರ ರೋಮಕ್ಕೆ ಹತ್ತಿದ ಉಣುಗು, ಸಂಜೆ ಅದನ್ನು ಮಡಿಲಲ್ಲಿಟ್ಟುಕೊಳ್ಳುವ ಮಗುವಿನ ಮೈಗೆ ಹತ್ತಬಹುದು.

ಆದ್ದರಿಂದ:

- ಕಾಡಿಗೆ ಮೇಯಲು ಹೋಗಿ ಬರುವ ದನ ಕಟ್ಟುವ, ಓಡಾಡುವ ಜಾಗದಲ್ಲಿ ಗಿನಿ ಪಿಗ್ ಬಿಡಲೇಬೇಡಿ. ಬೆಳೆದ ಉಣುಗುಗಳನ್ನು ಕಾಡಿನಿಂದ ಹಿತ್ತಿಲಿಗೆ ಹೊತ್ತು ತರುವುದು ಹೆಚ್ಚಾಗಿ ದನಗಳೇ.
- ಕೊಟ್ಟಿಗೆಗೆ ಹಾಸಲು ತಂದ ದರಗನ್ನು ಗಿನಿ ಪಿಗ್ ಗೂಡಿಗೆ ಹಾಸಬೇಡಿ. ಗೂಡಿಗೆ ಹಳೆ ಬಟ್ಟೆಯನ್ನೋ ಕಾಗದವನ್ನೋ ಹಾಸಿ.
- ಕಾಡಂಚಿನಿಂದ, ಬ್ಯಾಣದಿಂದ ಹಸಿ ಹುಲ್ಲು ಕೊಯ್ದು ತರಬೇಡಿ.
- ಉಣುಗು ಕಚ್ಚಿಕೊಂಡಿದ್ದು ಕಂಡರೆ ಚಿಮುಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ತಿರುಚಬೇಡಿ. ಉಗುರಿನಲ್ಲಿ ಅರೆಯಬೇಡಿ. ಸೀಮೆಎಣ್ಣೆ, ಸುಣ್ಣ ಹಚ್ಚಬೇಡಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ.
- ನಾಯಿಗೆ ಬಳಸುವ ಉಣುಗಿನ ಔಷಧ, ಪಟ್ಟಿ, ಸ್ಪ್ರೇ ಗಿನಿ ಪಿಗ್ಗಿಗೆ ವಿಷವಾಗಬಹುದು. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಹಂಚುವ, ಉಣುಗು ತಡೆಯುವ ಡೇಪಾ ತೈಲ ಮನುಷ್ಯರ ಮೈಗೆ. ಅದನ್ನು ಪ್ರಾಣಿಗೆ ಸವರಬೇಡಿ.
- ಸುತ್ತಮುತ್ತ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ. ಆ ಬೇಸಿಗೆ ಪೂರ್ತಿ ಗಿನಿ ಪಿಗ್ ಹೊರಗೆ ಬರುವುದು ಬೇಡ.
- ಮನೆಯಲ್ಲಿ ಯಾರಿಗಾದರೂ ಒಮ್ಮೆಲೇ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಉಣುಗು ಕಚ್ಚಿದ್ದನ್ನೂ ಕಾಡಿನ ಕಡೆ ಓಡಾಡಿದ್ದನ್ನೂ ಕೇಳುವ ಮುಂಚೆಯೇ ಹೇಳಿ.

ಯಾವ ಸೊಪ್ಪು ಸರಿ, ಯಾವುದು ಸಲ್ಲ

ಗರಿಕೆಗಿಂತ ಒಳ್ಳೆಯ ಹುಲ್ಲು ಬೇಕಿಲ್ಲ. ನೇಪಿಯರ್ ಹುಲ್ಲಿನ ಎಳೆ ಎಲೆ, ಮೆಕ್ಕೆಜೋಳದ ಹಸಿ ಎಲೆ ಮತ್ತು ತೆನೆಯ ಸಿಪ್ಪೆ, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಕೊತ್ತಂಬರಿ, ಒಂದೆಲಗ ಕೊಡಬಹುದು. ನುಗ್ಗೆ ಸೊಪ್ಪು, ಪಾಲಕ್, ಹರಿವೆ ವಾರಕ್ಕೊಮ್ಮೆ ನಾಲ್ಕಾರು ಎಲೆ ಸಾಕು. ಅವುಗಳಲ್ಲಿನ ಸುಣ್ಣದಂಶ, ಆಕ್ಸಲೇಟ್ ಹೆಚ್ಚಾದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ.

ಮನುಷ್ಯರ ಹಾಗೆ ಗಿನಿ ಪಿಗ್ಗಿನ ದೇಹಕ್ಕೂ ಸಿ ಜೀವಸತ್ವ ತಯಾರಿಸಿಕೊಳ್ಳಲು ಬರುವುದಿಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಹಸಿ ಹುಲ್ಲಿನಲ್ಲಿ ಸ್ವಲ್ಪ ಸಿಗುತ್ತದೆ, ಒಣಹುಲ್ಲಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ಹುಲ್ಲು ಒಣಗಿದ ಈ ದಿನಗಳಲ್ಲಿ ದೊಣ್ಣೆ ಮೆಣಸಿನಕಾಯಿಯ ಒಂದು ಹೋಳನ್ನು ದಿನಾ ಕೊಡಿ. ಪೇರಲೆಯಲ್ಲೂ ಸಿ ಜೀವಸತ್ವ ಧಾರಾಳ, ಆದರೆ ಸಿಹಿ ಇರುವುದರಿಂದ ಚಿಕ್ಕ ಚೂರು ಅಪರೂಪಕ್ಕೆ ಸಾಕು. ಮಾತ್ರೆಯನ್ನು ಕುಡಿಯುವ ನೀರಿಗೆ ಕದಡಿ ಇಡುವುದರಿಂದ ಪ್ರಯೋಜನವಿಲ್ಲ. ನೀರಲ್ಲಿ ಅದು ಬೇಗ ಕೆಡುತ್ತದೆ.

ಬಾಯಿಗೆ ಸಿಗಲೇಬಾರದವು: ಕಣಗಿಲೆ, ಎಕ್ಕ, ದತ್ತೂರಿ, ಹರಳು, ಗುಲಗಂಜಿ, ಲಂಟಾನ, ಪಾರ್ಥೇನಿಯಂ, ಆಲೂಗಡ್ಡೆ ಮತ್ತು ಟೊಮೆಟೊ ಗಿಡದ ಎಲೆ, ಈರುಳ್ಳಿ, ಬೆಳ್ಳುಳ್ಳಿ, ಕುಂಡದಲ್ಲಿ ಬೆಳೆಸುವ ಮನಿ ಪ್ಲಾಂಟ್, ಕ್ರೋಟನ್. ಕೆಸುವನ್ನು ನಾವು ಹುಳಿ ಹಾಕಿ ಬೇಯಿಸಿ ಪತ್ರೊಡೆ ಮಾಡಿ ತಿನ್ನುತ್ತೇವೆ, ನಿಜ. ಹಸಿ ಕೆಸು ಗಿನಿ ಪಿಗ್ಗಿನ ಬಾಯಿ, ಗಂಟಲು ಊದಿಸುತ್ತದೆ. ಎಳೆ ಜೋಳದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ದನಕ್ಕೇ ವಿಷವಾಗುವಾಗ ಒಂದು ಕಿಲೋ ಆಸುಪಾಸು ತೂಗುವ ಈ ಪ್ರಾಣಿಯ ಪಾಡೇನು? ಊಬಿನ ಹುಲ್ಲಿರುವ ಕಡೆಯೂ ಬಿಡಬೇಡಿ. ಒಣಗಿದ ಊಬು ಕಣ್ಣಿಗೆ, ಒಸಡಿಗೆ ಚುಚ್ಚಿ ಕೀವು ಕಟ್ಟುತ್ತದೆ.

ಮಾಡಬಾರದ್ದು

1. ಮಧ್ಯಾಹ್ನ ಬಿಡಬೇಡಿ. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಬಾಲ್ಕನಿಯಲ್ಲಿ, ತಾರಸಿಯಲ್ಲಿ ಗೂಡು ಇಡಬೇಡಿ.

2. ಕಾರಿನೊಳಗೆ ಬಿಟ್ಟು ಹೋಗಬೇಡಿ. ಊರಿಗೆ ಹೋಗುವ ದಾರಿಯಲ್ಲಿ ಸಾಗರ ರಸ್ತೆ ಪಕ್ಕದ ಹುಲಿ–ಸಿಂಹಧಾಮ ನೋಡಲು ಇಳಿದು, ಗಿನಿ ಪಿಗ್ಗನ್ನು ಕಾರಲ್ಲೇ ಬಿಟ್ಟು ಗಾಜು ಏರಿಸಿ ಹೋಗುವುದು ಅದನ್ನು ಕೊಂದಂತೆ. ನೆರಳಲ್ಲಿ ನಿಲ್ಲಿಸಿದರೂ, ಗಾಜನ್ನು ಬೆರಳಷ್ಟು ಇಳಿಸಿದರೂ ಒಳಗಿನ ಬಿಸಿ ನಿಮಿಷಗಳಲ್ಲಿ ಏರುತ್ತದೆ. ಮೃಗಾಲಯದ ಒಳಗೆ ಸಾಕುಪ್ರಾಣಿ ಒಯ್ಯುವ ಪ್ರಶ್ನೆಯೇ ಇಲ್ಲ. ಅಂಥ ಪ್ರಯಾಣದ ದಿನ ಅದನ್ನು ಮನೆಯಲ್ಲೇ, ನೋಡಿಕೊಳ್ಳುವವರ ಕೈಯಲ್ಲಿ ಬಿಟ್ಟು ಹೊರಡಿ.

3. ರಸ್ತೆ ಬದಿಯ ಹುಲ್ಲು ತಿನ್ನಿಸಬೇಡಿ. ಹೊಗೆ, ದೂಳು, ಬೀದಿನಾಯಿಯ ಉಚ್ಚೆ ಎಲ್ಲವೂ ಅದರ ಮೇಲಿರುತ್ತವೆ.

4. ಕಳೆನಾಶಕ ಹೊಡೆದ ಅಡಿಕೆ ತೋಟದಲ್ಲಿ, ಶುಂಠಿ ಗದ್ದೆಯ ಬದುವಿನಲ್ಲಿ ಬಿಡಬೇಡಿ, ಅಲ್ಲಿನ ಹುಲ್ಲು ತರಬೇಡಿ. ಪಕ್ಕದ ತೋಟದವರು ಔಷಧಿ ಹೊಡೆದ ದಿನ ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ನಿಮ್ಮ ಅಂಗಳದ ಹುಲ್ಲೂ ಬೇಡ. ಹೊಡೆಯುವ ಮುಂಚೆ ಒಂದು ಮಾತು ಹೇಳಿ ಎಂದು ಅವರನ್ನು ಕೇಳಿಕೊಳ್ಳಿ.

5. ಯಂತ್ರದಲ್ಲಿ ಕತ್ತರಿಸಿ ರಾಶಿ ಹಾಕಿದ ಹುಲ್ಲು ಹಾಕಬೇಡಿ. ರಾಶಿ ಒಳಗೇ ಕಾವೇರಿ ಹುಳಿಯುತ್ತದೆ. ಕತ್ತಿಯಲ್ಲಿ ಕೊಯ್ದು ಆಗಿಂದಾಗಲೇ ಹಾಕಿ, ಉಳಿದದ್ದನ್ನು ಸಂಜೆಗೆ ತೆಗೆದು ಎಸೆಯಿರಿ.

6. ಭತ್ತದ ಹುಲ್ಲೊಂದನ್ನೇ ನಂಬಿ ಕೂರಬೇಡಿ. ಅದರಲ್ಲಿ ಸತ್ವ ಕಡಿಮೆ. ನೆರಳಲ್ಲಿ ಒಣಗಿಸಿದ, ಹಸಿರು ಬಣ್ಣ ಉಳಿದ, ಬೂಸಲು ಹಿಡಿಯದ ಹುಲ್ಲೇ ಅದರ ಮುಖ್ಯ ಊಟ. ಅದರ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ. ನಾರು ಜಗಿದರಷ್ಟೇ ಸವೆಯುತ್ತದೆ.

7. ಮಾವಿನ ಮರದ ಕೆಳಗೆ ಬೋನು ಇಡುವ ಮುಂಚೆ ತಲೆ ಎತ್ತಿ ನೋಡಿ. ಚಗಳಿ ಇರುವೆಯ ಗೂಡಿದ್ದರೆ ಅಲ್ಲಿ ಬೇಡ. ನಮಗೆ ಚಟ್ನಿಯಾಗುವ ಚಗಳಿ, ಬೋನಿನೊಳಗೆ ತಪ್ಪಿಸಿಕೊಳ್ಳಲಾಗದ ಪ್ರಾಣಿಯನ್ನು ಮುತ್ತಿಕೊಂಡರೆ ಕಣ್ಣನ್ನೂ ಬಿಡುವುದಿಲ್ಲ.

8. ಮೊಲದ ಜೊತೆ ಒಂದೇ ಬೋನಿಗೆ ಬಿಡಬೇಡಿ. ಅಂಗಡಿಯಲ್ಲಿ ಒಟ್ಟಿಗೆ ಇಟ್ಟಿದ್ದರೆಂಬುದು ನೆಪವಾಗಬಾರದು. ಮೊಲ ಒದ್ದರೆ ಇದರ ಮೂಳೆ ಮುರಿಯುತ್ತದೆ. ಮೊಲಕ್ಕೆ ಏನೂ ಮಾಡದ ಬ್ಯಾಕ್ಟೀರಿಯಾ ಇದಕ್ಕೆ ನ್ಯುಮೋನಿಯಾ ತರುತ್ತದೆ.

9. ಗಂಡು ಹೆಣ್ಣನ್ನು ಒಟ್ಟಿಗೆ ಬಿಡಬೇಡಿ. ಹೆಣ್ಣು ಹುಟ್ಟಿದ ತಿಂಗಳೊಪ್ಪತ್ತಿಗೇ ಗರ್ಭ ಧರಿಸಬಲ್ಲದು. 59ರಿಂದ 72 ದಿನ ಹೊತ್ತು, ರೋಮ ಬಂದ, ಕಣ್ಣು ತೆರೆದ ಮರಿ ಹಾಕುತ್ತದೆ. ಗಬ್ಬದ ಪ್ರಾಣಿಯನ್ನು ಬೇಸಿಗೆಯಲ್ಲಿ ಹೊರಗೆ ತರಲೇಬೇಡಿ.

10. ಮಕ್ಕಳು ಅಟ್ಟಿಸಿಕೊಂಡು ಹೋಗಿ ಹಿಡಿಯಲು ಬಿಡಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು, ನೆಲದಲ್ಲಿ ಕೂತೇ ಎತ್ತಬೇಕು. ಸೊಂಟದೆತ್ತರದಿಂದ ಬಿದ್ದರೆ ಬೆನ್ನುಮೂಳೆ ಮುರಿಯಬಹುದು.

11. ಹೋಳಿಯ ದಿನ, ಬೀದಿಯಲ್ಲಿ ಪಟಾಕಿ, ಡೊಳ್ಳು, ಮೈಕಿನ ಗದ್ದಲವಿರುವ ಜಾತ್ರೆ, ಮೆರವಣಿಗೆಗಳ ದಿನ ಹೊರಗೆ ಬೇಡ. ಯುಗಾದಿಯ ಬೇವು–ಬೆಲ್ಲ, ಒಬ್ಬಟ್ಟಿನಲ್ಲಿ ಅದಕ್ಕೊಂದು ಪಾಲು ತೆಗೆಯುವುದೂ ಬೇಡ.

ಅನಾಹುತವಾದರೆ

ಬಿಸಿಲು ಬಡಿದ ಗುರುತು: ಉದ್ದಕ್ಕೆ ಚಾಚಿ ಮಲಗುವುದು, ಏದುಸಿರು, ಜೊಲ್ಲು, ಕೆಂಪೇರಿದ ಬಿಸಿ ಕಿವಿ, ತೂರಾಡುವ ನಡಿಗೆ. ಕೂಡಲೇ ನೆರಳಿಗೆ ತನ್ನಿ. ನಲ್ಲಿಯ ಸಾಧಾರಣ ನೀರಿನಲ್ಲಿ ಬಟ್ಟೆ ಅದ್ದಿ ಕಿವಿ, ಪಾದ, ಹೊಟ್ಟೆ ಒದ್ದೆ ಮಾಡಿ, ಗಾಳಿ ಬೀಸಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಅರೆಪ್ರಜ್ಞೆಯಲ್ಲಿರುವ ಪ್ರಾಣಿಯ ಬಾಯಿಗೆ ನೀರು ಹುಯ್ಯಬೇಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ.

ಹೊಟ್ಟೆ ಉಬ್ಬರದ ಗುರುತು: ಬೆನ್ನು ಗೂನು ಮಾಡಿ ಕೂರುವುದು, ಹಲ್ಲು ಕಡಿಯುವುದು, ಹೊಟ್ಟೆ ಗಟ್ಟಿಯಾಗುವುದು, ಮೇವು ಬಿಡುವುದು, ಹಿಕ್ಕೆ ನಿಲ್ಲುವುದು. ಅರ್ಧ ದಿನ ಮೇವು ಮುಟ್ಟದ ಗಿನಿ ಪಿಗ್ ಅಪಾಯದಲ್ಲಿದೆ ಎಂದೇ ತಿಳಿಯಿರಿ. ನಾಳೆ ನೋಡೋಣ ಎನ್ನಬೇಡಿ.

ಮನೆಯಲ್ಲಿ ಮಿಕ್ಕಿದ ಮಾತ್ರೆ, ಸಿರಪ್ಪು ಹಾಕಬೇಡಿ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಗಳು ಗಿನಿ ಪಿಗ್ಗಿನ ಕರುಳಿನ ಒಳ್ಳೆಯ ಜೀವಾಣುಗಳನ್ನೇ ಕೊಂದು ಅದನ್ನೂ ಕೊಲ್ಲುತ್ತವೆ. ದನ, ನಾಯಿ ನೋಡುವ ವೈದ್ಯರ ಬಳಿ ಹೋದಾಗಲೂ ಇದನ್ನು ನೆನಪಿಸಲು ಸಂಕೋಚ ಬೇಡ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಗಿನಿ ಪಿಗ್ ನೋಡುವ ವೈದ್ಯರು ಅಲ್ಲಾಗಲಿ ಬೇರೆಡೆಯಾಗಲಿ ಯಾವ ಹೊತ್ತಿಗೆ ಸಿಗುತ್ತಾರೆಂದು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಸಾಕಾಯಿತು ಎನ್ನುವವರಿಗೆ

ರಜೆ ಮುಗಿದು ಮಕ್ಕಳಿಗೆ ಬೇಸರ ಬಂತೆಂದು ಗಿನಿ ಪಿಗ್ಗನ್ನು ಕಾಡಂಚಿಗೆ, ಹುಲಿ–ಸಿಂಹಧಾಮದ ಬೇಲಿಯ ಪಕ್ಕಕ್ಕೆ, ಕೆರೆ ದಂಡೆಗೆ ಬಿಟ್ಟು ಬರಬೇಡಿ. ಹುಲ್ಲಿದ್ದ ಮಾತ್ರಕ್ಕೆ ಅದು ಬದುಕುವುದಿಲ್ಲ. ಬಿಲ ತೋಡಲು, ಮರ ಹತ್ತಲು, ಶತ್ರುವಿನಿಂದ ತಪ್ಪಿಸಿಕೊಳ್ಳಲು ಅದಕ್ಕೆ ಬಾರದು; ಮೊದಲ ರಾತ್ರಿ ಕಳೆಯುವುದೇ ಕಷ್ಟ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬಿಡುವುದು ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಐದಾರು ವರ್ಷ, ಕೆಲವೊಮ್ಮೆ ಎಂಟು ವರ್ಷ ಬಾಳುವ ಪ್ರಾಣಿಯಿದು. ಕೊಳ್ಳುವ ಮುಂಚೆ ಅಷ್ಟು ವರ್ಷದ ಲೆಕ್ಕ ಹಾಕಿ. ಕೊಂಡಾಗಿದ್ದರೆ, ಸಾಕಲು ತಿಳಿದವರ ಕೈಗೆ ಗೂಡು ಸಮೇತ ಒಪ್ಪಿಸಿ.

ಹೊರಗೆ ಬಿಡಲೇಬೇಕೇ?

ಬೇಕೆಂದೇನಿಲ್ಲ. ನಿಮ್ಮದು ಕಾಡಂಚಿನ ಮನೆಯಾಗಿದ್ದರೆ, ಹಿತ್ತಿಲಲ್ಲಿ ದನ ಓಡಾಡುವುದಿದ್ದರೆ, ಜೊತೆಗೆ ಕೂರಲು ಯಾರಿಗೂ ಪುರುಸೊತ್ತಿಲ್ಲದಿದ್ದರೆ ಈ ಬೇಸಿಗೆಗೆ ಬಿಡುವುದೇ ಬೇಡ. ಎರಡು ಅಗಲದ ಟ್ರೇಗಳಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಗರಿಕೆ ನೆಡಿ, ಸಂಜೆ ಸಂಜೆ ನೀರು ಹಾಕಿ. ಗರಿಕೆ ಬೇರು ಹಿಡಿದು ಹಬ್ಬಿದ ಮೇಲೆ ಒಂದು ಟ್ರೇಯನ್ನು ಬೆಳಗಿನ ಹೊತ್ತು ಒಳಗೆ ತಂದು ಮುಂದಿಡಿ. ಅದು ಮೇಯ್ದು ಮುಗಿಸಿದ್ದು ಮತ್ತೆ ಚಿಗುರುವವರೆಗೆ ಇನ್ನೊಂದು. ಹಂಚಿನ ಮನೆಯ ತಂಪಿನ ಕೋಣೆ, ಒದ್ದೆ ಗೋಣಿ ತಾಟು ಕಟ್ಟಿದ ಕಿಟಕಿ, ದಿನಾ ಸ್ವಲ್ಪ ಗರಿಕೆ ಇದ್ದರೆ ಗಿನಿ ಪಿಗ್ಗಿಗೆ ಬೇಸಿಗೆ ಕಳೆಯುತ್ತದೆ. ಅಂಗಳದಲ್ಲಿ ಓಡಾಡಿಸುವುದನ್ನು ಮಳೆಗಾಲ ಮುಗಿದು, ನೆಲ ಆರಿ, ಹುಲ್ಲು ಬಲಿತ ಕಾರ್ತಿಕದ ದಿನಗಳಿಗೆ ಇಟ್ಟುಕೊಳ್ಳಿ. ಉಣುಗಿನ ಕಾಟ ಏರುವ ಮುಂಚಿನ ಆ ಕೆಲವು ವಾರಗಳೇ ಈ ಸೀಮೆಯಲ್ಲಿ ಗಿನಿ ಪಿಗ್ ಮೇಯಿಸಲು ಸರಿಯಾದ ಕಾಲ.